ಆ ಕೆಂಪು ಎಷ್ಟು ಕೆಂಪಾಗಿತ್ತು?

ಇಟಲಿಯ ದಾರಿಯೋ ಅರ್ಜೆಂತೋ 1977ರಲ್ಲಿ ತೆರೆಗೆ ತಂದ ‘ಸಸ್ಪೀರಿಯಾ’ ಕತೆಯ ಬಲದಿಂದ ಉಳಿದ ಚಿತ್ರವಲ್ಲ. ಅಮೆರಿಕದ ಹುಡುಗಿಯೊಬ್ಬಳು ಜರ್ಮನಿಯ ಫ್ರೈಬುರ್ಗ್‌ನ ನೃತ್ಯಶಾಲೆಗೆ ಕಲಿಯಲು ಬರುತ್ತಾಳೆ. ಆ ಶಾಲೆ ಮಾಟಗಾತಿಯರ ಬೀಡು ಎಂದು ಆಮೇಲೆ ತಿಳಿಯುತ್ತದೆ. ಕತೆ ಅಷ್ಟೇ. ಇಂದಿಗೂ ಜನ ಅದನ್ನು ಹುಡುಕಿಕೊಂಡು ನೋಡುವುದು ಅದರ ಬಣ್ಣಕ್ಕೆ, ಗೋಬ್ಲಿನ್ ತಂಡದ ಸಂಗೀತಕ್ಕೆ. ಹಾಗಾಗಿಯೇ ಈ ಚಿತ್ರದ ಹೊಸ ಡಿಸ್ಕ್ ಬಂದಾಗಲೆಲ್ಲ ಅದೇ ಜಗಳ: ಬಣ್ಣ ಸರಿಯಾಗಿದೆಯೇ, ಕೆಟ್ಟಿದೆಯೇ? ಹವ್ಯಾಸಿಗಳ ಹಟ ಎಂದು ಇದನ್ನು ತಳ್ಳಿಹಾಕಬಹುದು. ನನಗೆ ಅದರಲ್ಲಿ ನ್ಯಾಯದ ಪ್ರಶ್ನೆಯೊಂದು ಕಾಣುತ್ತದೆ. ‘ಇದು ಸರಿ’ ಎನ್ನುವವರು ಯಾವ ಸಾಕ್ಷಿಯನ್ನು ನಂಬಿ ಹಾಗೆನ್ನುತ್ತಾರೆ?

ಚಿತ್ರದ ಮೊದಲ ಕೆಲವು ನಿಮಿಷಗಳನ್ನೇ ನೋಡಿ. ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದಾಗ ಹೊರಗಿನ ಬಿರುಗಾಳಿಯ ಜೊತೆ ಸಂಗೀತವೂ ಒಳನುಗ್ಗುತ್ತದೆ, ಬಾಗಿಲು ಮುಚ್ಚಿದರೆ ನಿಂತುಹೋಗುತ್ತದೆ. ಆ ಅಮೆರಿಕದ ಹುಡುಗಿ ಸೂಜಿಯ ಪಾತ್ರದಲ್ಲಿರುವ ಜೆಸಿಕಾ ಹಾರ್ಪರ್ ತೊಯ್ದು ತೊಪ್ಪೆಯಾಗಿ ಟ್ಯಾಕ್ಸಿ ಹತ್ತುತ್ತಾಳೆ. ನೀರಿಳಿಯುವ ಕಿಟಕಿಯ ಹಿಂದೆ ಅವಳ ಮುಖದ ಮೇಲೆ ಕೆಂಪು, ನೀಲಿ, ಹಸಿರು ಬೆಳಕು ಹಾದುಹೋಗುತ್ತದೆ. ಆ ಬೆಳಕು ಎಲ್ಲಿಂದ ಬಂತು ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಕೆಟ್ಟ ಪ್ರತಿಯಲ್ಲಿ ಆ ಕೆಂಪು ಬಂದಾಗ ಮುಖವಿಡೀ ಒಂದೇ ಬಣ್ಣದ ತೇಪೆ. ಒಳ್ಳೆಯ ಪ್ರತಿಯಲ್ಲಿ ಅದೇ ಕೆಂಪಿನೊಳಗೆ ಕೆನ್ನೆಯ ಉಬ್ಬು ಬೇರೆ, ಕಣ್ಣ ಕೆಳಗಿನ ನೆರಳು ಬೇರೆ, ಹಣೆಗೆ ಅಂಟಿದ ಒದ್ದೆ ಕೂದಲು ಬೇರೆ. ಬಣ್ಣ ಗಾಢವಾಗಿದ್ದರೆ ಸಾಲದು, ಆ ಗಾಢ ಬಣ್ಣದೊಳಗೆ ಮನುಷ್ಯಳೊಬ್ಬಳು ಉಳಿದಿರಬೇಕು.

ಹೀಗೆ ಮಾಡಿದ್ದು ಛಾಯಾಗ್ರಾಹಕ ಲೂಚಿಯಾನೋ ತೊವೊಲಿ. ಡಿಸ್ನಿಯ 1937ರ ‘ಸ್ನೋ ವೈಟ್’ನ ಬಣ್ಣ ಬೇಕು ಎಂದು ಅರ್ಜೆಂತೋ ಕೇಳಿದ್ದರು. ಬಣ್ಣದ ಬಟ್ಟೆ ಬಿಗಿದ ದೊಡ್ಡ ಚೌಕಟ್ಟುಗಳನ್ನು ಪ್ರಖರ ದೀಪಗಳ ಮುಂದೆ, ನಟಿಯರ ಮುಖಕ್ಕೆ ತೀರಾ ಹತ್ತಿರ ನಿಲ್ಲಿಸಿ ತೊವೊಲಿ ಚಿತ್ರೀಕರಿಸಿದರು. ಇಡೀ ಚಿತ್ರವನ್ನು ಹಳೆಯ ಟೆಕ್ನಿಕಲರ್ ಫಿಲ್ಮಿನಲ್ಲೇ ತೆಗೆದರು ಎಂಬ ದಂತಕತೆ ಓಡಾಡುತ್ತದೆ, ಅದು ತಪ್ಪು. ನೆಗೆಟಿವ್ ಎಲ್ಲರೂ ಬಳಸುತ್ತಿದ್ದ ಈಸ್ಟ್‌ಮನ್ ಕೊಡಕ್‌ನದೇ. ಪ್ರಿಂಟ್ ಹಾಕಿದ್ದು ಮಾತ್ರ ಟೆಕ್ನಿಕಲರ್‌ನ ಹಳೆಯ ವಿಧಾನದಲ್ಲಿ: ಮೂರು ಅಚ್ಚು ಪಟ್ಟಿಗಳಿಂದ ಮೂರು ಬಣ್ಣಗಳನ್ನು ಒಂದರ ಮೇಲೊಂದು ಫಿಲ್ಮಿಗೆ ಹೀರಿಸುವ ಕ್ರಮ, ಹೆಚ್ಚುಕಡಿಮೆ ಬಟ್ಟೆಗೆ ಅಚ್ಚು ಹಾಕುವ ಕೆಲಸವೇ. ಅಮೆರಿಕದಲ್ಲಿ ಆ ಯಂತ್ರಗಳು ಅಷ್ಟು ಹೊತ್ತಿಗೇ ನಿಂತುಹೋಗಿದ್ದವು. ಇಟಲಿಯಲ್ಲಿ ಹಾಗೆ ಪ್ರಿಂಟ್ ಕಂಡ ಕೊನೆಯ ಕೆಲವು ಚಿತ್ರಗಳಲ್ಲಿ ಇದೂ ಒಂದು. ಆ ಕಾಲದ ಮಾಮೂಲಿ ಈಸ್ಟ್‌ಮನ್ ಪ್ರಿಂಟುಗಳು ವರ್ಷ ಕಳೆದಂತೆ ಗುಲಾಬಿಗೆ ತಿರುಗುತ್ತವೆ, ಈ ಬಣ್ಣ ಹಾಗೆ ಮಾಸುವುದಿಲ್ಲ.

ಹಾಗಿದ್ದರೆ ಸಾಕ್ಷಿ ಸಿಕ್ಕಿತಲ್ಲ, ಆ ಪ್ರಿಂಟ್ ನೋಡಿ ಹೊಸದನ್ನು ಹೊಂದಿಸಿದರಾಯಿತು ಎನ್ನಬಹುದು. ಅಷ್ಟು ಸಲೀಸಲ್ಲ. ಪ್ರಿಂಟ್ ತಯಾರಾದದ್ದು ಪ್ರೊಜೆಕ್ಟರ್ ದೀಪದ ಬೆಳಕು ತನ್ನ ಮೂಲಕ ಹಾದು ದೊಡ್ಡ ಪರದೆಯ ಮೇಲೆ ಬೀಳಲಿ ಎಂದು. ನಮ್ಮ ಟೀವಿ ತಾನೇ ಉರಿಯುವ ಗಾಜು. ಆದರೂ ಇರುವ ಸಾಕ್ಷಿಗಳಲ್ಲಿ ಸುಳ್ಳು ಹೇಳುವ ಸಾಧ್ಯತೆ ಕಡಿಮೆ ಇರುವುದು ಆ ಪ್ರಿಂಟಿಗೇ. ನೆನಪಿಗಲ್ಲ. ‘ನಾನು ಚಿಕ್ಕಂದಿನಲ್ಲಿ ನೋಡಿದ್ದು ಹೀಗಿರಲಿಲ್ಲ’ ಎನ್ನುವವರು ನೋಡಿದ್ದು ಬಹುಪಾಲು ಎರಡೂ ಬದಿ ಕತ್ತರಿಸಿದ, ಬಣ್ಣ ಸೋರಿದ ವಿಡಿಯೋ ಕ್ಯಾಸೆಟ್. ಹೊಸದು ಆ ಕ್ಯಾಸೆಟ್ಟಿನಂತಿಲ್ಲ ಎಂಬ ತಕರಾರು ಪ್ರಾಮಾಣಿಕವಾದದ್ದೇ ಇರಬಹುದು, ಆದರೆ ಅದು ಚಿತ್ರದ ಬಗೆಗಿನ ಮಾತಲ್ಲ.

ನಿರ್ದೇಶಕರನ್ನೇ ಕೇಳಬಾರದೇ? ಕೇಳಬೇಕು, ಕೇಳಿದ ಮೇಲೂ ಕಣ್ಣು ತೆರೆದಿರಬೇಕು. ವಿಲಿಯಂ ಫ್ರೀಡ್ಕಿನ್ ತಮ್ಮ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರದ ಬಣ್ಣವನ್ನು 2009ರ ಬ್ಲೂ-ರೇಗಾಗಿ ತಾವೇ ಕೂತು ಬದಲಾಯಿಸಿದರು. ಅದರ ಛಾಯಾಗ್ರಾಹಕ ಓವೆನ್ ರಾಯ್ಸ್‌ಮನ್ ಆ ಕೆಲಸಕ್ಕೂ ತಮಗೂ ಸಂಬಂಧವಿಲ್ಲವೆಂದು ಬಹಿರಂಗವಾಗಿಯೇ ಸಿಡಿದರು. 2012ರಲ್ಲಿ ಮತ್ತೊಂದು ಆವೃತ್ತಿ ಹೊರತರಬೇಕಾಯಿತು. ಛಾಯಾಗ್ರಾಹಕರೂ ಇದಕ್ಕೆ ಹೊರತಲ್ಲ: ವಿತ್ತೋರಿಯೋ ಸ್ತೊರಾರೋ ತಾವು ಚಿತ್ರೀಕರಿಸಿದ ‘ದಿ ಲಾಸ್ಟ್ ಎಂಪರರ್’ ಚಿತ್ರದ ಚೌಕಟ್ಟಿನ ಅಗಲವನ್ನೇ ಡಿಸ್ಕ್‌ನಲ್ಲಿ ಕಡಿಮೆ ಮಾಡಿಸಿದರು. ಎಪ್ಪತ್ತು ದಾಟಿದ ಕಲಾವಿದನಿಗೆ ತನ್ನ ಹರೆಯದ ಕೃತಿಯನ್ನು ತಿದ್ದುವ ಆಸೆ ಹುಟ್ಟುವುದು ಸಹಜ. ಆದರೆ ಆ ಕೃತಿಯನ್ನು ಮಾಡಿದ್ದು ಈಗಿನ ಅವನಲ್ಲ. ಈ ಮಾತು ಸ್ವಲ್ಪ ಉದ್ಧಟತನದ್ದು ಎಂದು ನನಗೂ ಅನಿಸುತ್ತದೆ, ಆದರೂ ಹಿಂದೆ ತೆಗೆದುಕೊಳ್ಳಲಾರೆ.

ಇನ್ನೊಂದು ಮೋಸವಿದೆ, ಅದು ಸ್ವಚ್ಛತೆಯದು. ಫಿಲ್ಮಿನ ಮೇಲೆ ಸಣ್ಣಗೆ ಕುದಿಯುವ ಕಣಗಳನ್ನು ಕೊಳೆ ಎಂದುಕೊಂಡು ಕಂಪ್ಯೂಟರ್‌ನಿಂದ ಒರೆಸುತ್ತಾರೆ. ‘ಪ್ರಿಡೇಟರ್’ ಚಿತ್ರದ 2010ರ ಬ್ಲೂ-ರೇಯಲ್ಲಿ ಹೀಗೆ ಒರೆಸಿದ್ದರಿಂದ ಕಾಡಿನಲ್ಲಿ ಬೆವರುವ ಸೈನಿಕರ ಮುಖಗಳು ಮೇಣದ ಗೊಂಬೆಗಳಾದವು. ಆ ಕಣ ಬಿಟ್ಟರೆ ಅಲ್ಲಿ ಬೇರೆ ಚಿತ್ರವೇ ಇಲ್ಲ. ಹಳೆಯ ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕೆತ್ತನೆಯ ಮೂಗು ಕಣ್ಣು ಸವೆಸಿ, ಈಗ ಫಳಫಳ ಹೊಳೆಯುತ್ತದೆ ನೋಡಿ ಎಂದಂತೆ.

ನಮ್ಮಲ್ಲೂ ಈ ಪ್ರಶ್ನೆ ಬಂದು ನಿಂತಿದೆ. ಅದೇ 1977ರಲ್ಲಿ ಗಿರೀಶ ಕಾಸರವಳ್ಳಿಯವರು ಮಾಡಿದ ‘ಘಟಶ್ರಾದ್ಧ’ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್‌ಗಳ ಪ್ರಯತ್ನದಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತು. ಕಪ್ಪು-ಬಿಳುಪಿನ ಚಿತ್ರ, ಬಣ್ಣದ ಜಗಳವಿಲ್ಲ. ಆದರೆ ಅಗ್ರಹಾರದ ಮನೆಯೊಳಗಿನ ಕತ್ತಲು ಎಷ್ಟು ಕತ್ತಲಾಗಿರಬೇಕು ಎಂದು ಕೇಳೋಣವೆಂದರೆ ಛಾಯಾಗ್ರಾಹಕ ಎಸ್. ರಾಮಚಂದ್ರ 2011ರಲ್ಲೇ ತೀರಿಕೊಂಡರು. ನಮ್ಮಲ್ಲಿ ಬಹಳ ಜನ ಅದನ್ನು ಕಂಡಿರುವುದು ಬೂದಿಬೂದಿಯಾದ ಪ್ರತಿಗಳಲ್ಲಿ. ಹೊಸದನ್ನು ನೋಡಿ ‘ಇಷ್ಟೊಂದು ಕಪ್ಪೇ?’ ಎನ್ನುವ ಮುನ್ನ, ನಾವು ಇಷ್ಟು ದಿನ ಪ್ರೀತಿಸಿದ ಆ ಬೂದು ಬಣ್ಣ ರಾಮಚಂದ್ರ ಅವರದೋ, ಸವೆದ ಪ್ರಿಂಟಿನದೋ ಎಂದು ಕೇಳಿಕೊಳ್ಳುವ ಸೌಜನ್ಯ ನಮಗಿರಬೇಕು.

‘ಸಸ್ಪೀರಿಯಾ’ದ ವಿಷಯಕ್ಕೆ ಬರುವುದಾದರೆ, ಮೊದಲು ಬಂದ ಹೈ-ಡೆಫಿನಿಷನ್ ಪ್ರತಿಯ ಮೇಲೆ ಇದ್ದ ದೂರು ನ್ಯಾಯವಾದದ್ದು: ಕಾಂಟ್ರಾಸ್ಟ್ ಹೆಚ್ಚಿಸಿ ಬಿಳಿಯ ಭಾಗಗಳನ್ನು ಸುಟ್ಟುಹಾಕಿದ್ದರು. 2017ರಲ್ಲಿ ಅಮೆರಿಕದ ಸಿನಾಪ್ಸ್ ಫಿಲ್ಮ್ಸ್ ಹೊರತಂದದ್ದು ಕ್ಯಾಮೆರಾದ ಮೂಲ ನೆಗೆಟಿವ್‌ನಿಂದ, ಜರ್ಮನಿಯ ಟಿಎಲ್‌ಇ ಫಿಲ್ಮ್ಸ್‌ನಲ್ಲಿ, ತೊವೊಲಿಯವರ ಉಸ್ತುವಾರಿಯಲ್ಲಿ ವರ್ಷಗಟ್ಟಲೆ ನಡೆದ 4ಕೆ ಕೆಲಸ. 1977ರ ನಾಲ್ಕು ಚಾನೆಲ್‌ಗಳ ಇಂಗ್ಲಿಷ್ ಧ್ವನಿಯನ್ನೂ ಅದರಲ್ಲಿ ಹುಡುಕಿ ಸೇರಿಸಿದರು. ತೊವೊಲಿ ಸಹಿ ಹಾಕಿದ್ದಾರೆಂದು ನಾನು ಅದನ್ನು ಒಪ್ಪುತ್ತಿಲ್ಲ. ಟ್ಯಾಕ್ಸಿಯಲ್ಲಿ ಕೂತ ಹುಡುಗಿಗೆ ಕೆಂಪು ಬೆಳಕಿನಲ್ಲೂ ಮುಖವಿದೆ, ಬಿಳಿಯಲ್ಲಿ ವಿವರವಿದೆ, ಕಣಗಳು ಇದ್ದಲ್ಲೇ ಇವೆ. ಸದ್ಯಕ್ಕೆ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ನೋಡುವ ಮೊದಲು ಟೀವಿಯ ಸೆಟ್ಟಿಂಗ್ಸ್‌ಗೆ ಹೋಗಿ ‘ವಿವಿಡ್’ ತೆಗೆದು ‘ಸಿನಿಮಾ’ ಹಾಕಿ, ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಅದಾದ ಮೇಲೆ ಬೇಕಾದಷ್ಟು ಜಗಳವಾಡೋಣ.