ಹಗ್ಗದ ಮೇಲಿನ ಹುಡುಗ

ವಿದ್ಯುತ್ತನ್ನು ಕೆಲವು ವಸ್ತುಗಳು ಸಾಗಿಸುತ್ತವೆ, ಕೆಲವು ತಡೆಯುತ್ತವೆ ಎಂದು 1729ರಲ್ಲಿ ಕಂಡುಕೊಂಡವನು ಇಂಗ್ಲೆಂಡಿನ ಸ್ಟೀಫನ್ ಗ್ರೇ. ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. ಮರುವರ್ಷ ಎಂಟೊಂಬತ್ತು ವರ್ಷದ ಹುಡುಗನೊಬ್ಬನನ್ನು, ಬಟ್ಟೆ ಒಣಹಾಕುವಂಥ ಕೂದಲಿನ ಹಗ್ಗಗಳಲ್ಲಿ ಅಡ್ಡಲಾಗಿ ತೂಗುಹಾಕಿ, ಉಜ್ಜಿದ ಗಾಜಿನ ಕೊಳವೆಯನ್ನು ಅವನ ಕಾಲ ಬಳಿ ಹಿಡಿದ. ಹಿತ್ತಾಳೆ ತಗಡಿನ ತೆಳು ಚೂರುಗಳು ಹುಡುಗನ ಮುಖದತ್ತ ಹಾರಿದವು! ಮೈ ವಾಹಕ, ಹಗ್ಗ ಅವಾಹಕ, ಇಲ್ಲವಾದರೆ ಎಲ್ಲವೂ ಸೂರಿನ ಮೂಲಕ ನೆಲಕ್ಕೆ ಇಳಿದುಹೋಗುತ್ತಿತ್ತು.

ಗ್ರೇಯ ವರದಿಯಲ್ಲಿ ಹುಡುಗನ ತೂಕವುಂಟು: ಬಟ್ಟೆ ಸಹಿತ 47 ಪೌಂಡು ಚಿಲ್ಲರೆ, ಅಂದರೆ ಸುಮಾರು 21 ಕಿಲೋ. ಹೆಸರಿಲ್ಲ.

ಪಾಠ ಮಾಡುವಾಗ ನಾನು ಇಲ್ಲೇ ತಡೆದು ನಿಲ್ಲುತ್ತೇನೆ. ನೋವೇನೂ ಆಗಿರಲಾರದು, ಯಾರಾದರೂ ಬೆರಳು ತಾಗಿಸಿದ್ದರೆ ಚುರುಕ್ಕೆಂದಿರಬೇಕು, ಅಷ್ಟೆ. ಆಟವೆಂದು ನಕ್ಕಿರಲೂಬಹುದು. ಆದರೆ ನೋವಾಗಲಿಲ್ಲವೆಂದರೆ ಸರಿಯಾಯಿತೇ? ಒಲ್ಲೆ ಎನ್ನುವ ಧೈರ್ಯ ಆ ವಯಸ್ಸಿಗೆ ಎಲ್ಲಿಂದ ಬರಬೇಕು? ನೆಂಟರ ಮುಂದೆ ಹಾಡು ಎಂದು ನಾವು ಮಗುವನ್ನು ನಿಲ್ಲಿಸುವುದಿಲ್ಲವೇ, ಹಾಗೆಯೇ ಇದೂ. ಜ್ಞಾನಕ್ಕಾಗಿ ಎಂಬ ಸಮಾಧಾನ ನನಗೆ ಸಾಲದು. ತೂಕ ಬರೆದ ಕೈಗೆ ಹೆಸರು ಬರೆಯಲು ಇನ್ನೆಷ್ಟು ಮಸಿ ಬೇಕಿತ್ತು?

ಬಾಚಣಿಗೆ ಉಜ್ಜುವ ಪ್ರಯೋಗಕ್ಕೆ ನಾನು ಯಾರನ್ನೂ ಕರೆಯುವುದಿಲ್ಲ. ತಾವಾಗಿ ಎದ್ದು ಬಂದವರ ಹೆಸರನ್ನು ಮೊದಲು ಬೋರ್ಡಿನ ಮೇಲೆ ಬರೆಯುತ್ತೇನೆ. ಎಣ್ಣೆ ಹಚ್ಚಿದ ತಲೆಯಾದರೆ ಮಾತ್ರ ಕಾಗದದ ಚೂರು ಅಲುಗುವುದೇ ಇಲ್ಲ.