ಆಟದ ಒಗಟೂ ಕಾಡಿನ ಒಗಟೂ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಮನೆಗಳಲ್ಲಿ ಹಿಂದೆ ಮಕ್ಕಳು ಅಳಗುಳಿಮನೆಯ ಮುಂದೆ ಕುಳಿತು, ಈ ಕುಳಿಯಿಂದ ಹುಣಿಸೆಯ ಬೀಜಗಳನ್ನೆತ್ತಿ ಬಿತ್ತಿದರೆ ಕಡೆಯ ಬೀಜವು ಎಲ್ಲಿ ಬಿದ್ದೀತೆಂದು ಎಣಿಸುತ್ತಿದ್ದರು. ಈಗಿನ ಮಕ್ಕಳು ಮೊಬೈಲಿನ ತೆರೆಯ ಮೇಲೆ ಅಂತಹುದೇ ಇನ್ನೊಂದು ಆಟವನ್ನಾಡುವರು. ಗುಂಡು ಉರುಳಿದರೆ ಹಲಗೆ ಬೀಳುವುದು. ಹಲಗೆ ಬಿದ್ದರೆ ಹಗ್ಗ ಸಡಿಲುವುದು. ಹಗ್ಗ ಸಡಿಲಿದರೆ ಬಾಗಿಲು ತೆರೆಯುವುದು. ಮೊದಲು ಮುಟ್ಟಬೇಕಾದುದು ಯಾವುದೆಂದು ಕಂಡುಕೊಂಡವನಿಗೆ ಮುಂದಿನ ಹಂತ. ತಪ್ಪಿದವನಿಗೆ ಅದೇ ಹಂತ, ಮೊದಲಿನಿಂದ.

ಇದು ಬರಿಯ ಕಾಲಹರಣವೆಂದು ಹಿರಿಯರು ಜರೆಯುವುದುಂಟು. ಆದರೆ ವಿಚಾರಿಸಿ ನೋಡಿದರೆ ಬಾಲಕನು ಅಲ್ಲಿ ಮಾಡುವುದು ನೈಯಾಯಿಕನ ಕೆಲಸವೇ. ಒಂದು ಇದ್ದರೆ ಮತ್ತೊಂದು ಇರುವುದು ಅನ್ವಯ; ಇಲ್ಲದಿದ್ದರೆ ಇಲ್ಲದಿರುವುದು ವ್ಯತಿರೇಕ. ಗಡಿಗೆಗೆ ಮಣ್ಣು ಹೊತ್ತುತಂದ ಕತ್ತೆಯು ಗಡಿಗೆಗೆ ಕಾರಣವಲ್ಲವೆಂದು ಶಾಸ್ತ್ರವು ಅದನ್ನು ಬೇರ್ಪಡಿಸುವಂತೆ, ಬಾಲಕನೂ ವ್ಯರ್ಥವಾದ ಗುಂಡುಗಳನ್ನು ಬಿಟ್ಟು ಸಾರ್ಥಕವಾದುದನ್ನು ಹಿಡಿಯುವನು.

ಹಾಗಾದರೆ ಆಟವನ್ನು ಬಲ್ಲವನು ಲೋಕವನ್ನೂ ಬಲ್ಲನೆನ್ನಬಹುದೇ? ಎನ್ನಲಾಗದು. ಆಟದಲ್ಲಿ ಕೆಟ್ಟುದು ಕ್ಷಣಮಾತ್ರದಲ್ಲಿ ಮೊದಲಿನಂತಾಗುವುದು. ವ್ಯತಿರೇಕವನ್ನು ನೂರು ಸಲ ಪರೀಕ್ಷಿಸಬಹುದು. ಲೋಕದಲ್ಲಿ ಆ ಅವಕಾಶವಿಲ್ಲ.

ಇದಕ್ಕೆ ದೂರದ ದೃಷ್ಟಾಂತ ಬೇಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಿನಲ್ಲಿ ಒಣಗಿದ ಎಲೆಗೆ ಸಣ್ಣ ಬೆಂಕಿಯನ್ನಿಡುತ್ತಿದ್ದರು. ಅದಕ್ಕೆ ತರಗುಬೆಂಕಿಯೆಂದು ಹೆಸರು. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು; ಬೆಂಕಿ ನಿಷಿದ್ಧವಾಯಿತು. ಎಳೆಯ ಸಸಿಗಳು ಉಳಿಯಲೆಂಬ ಆ ಉದ್ದೇಶ ಕೆಟ್ಟುದಲ್ಲ. ಆದರೆ 19ನೆಯ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದಿಂದ ಅಲಂಕಾರಕ್ಕಾಗಿ ಭಾರತಕ್ಕೆ ಬಂದ ಲಂಟಾನವು ಮುಂದಿನ ದಶಕಗಳಲ್ಲಿ ಆ ಬೆಟ್ಟವನ್ನೆಲ್ಲ ಮುತ್ತಿತು. ಬೆಂಕಿ ನಿಂತುದೂ ಲಂಟಾನ ಹಬ್ಬಿದುದೂ ಕಾರ್ಯಕಾರಣವೋ, ಕಾಕತಾಲೀಯವೋ? ಲಂಟಾನದ ಮೊಳಕೆಯನ್ನೂ ನೆಲ್ಲಿಯ ಮರವನ್ನು ಹೀರುವ ಉಪ್ಪಿಲನ್ನೂ ತರಗುಬೆಂಕಿಯೇ ತಡೆಯುತ್ತಿದ್ದಿತೆಂದು ಸೋಲಿಗರ ಹಿರಿಯರು ಹೇಳುವರು. ಮತ್ತೆ ಬೆಂಕಿಯಿಟ್ಟು ಪರೀಕ್ಷಿಸೋಣವೆಂದರೆ, ಈಗ ಆಳೆತ್ತರ ಬೆಳೆದ ಪೊದೆಯೇ ಉರುವಲಾಗಿ ಉರಿಯು ಮರದ ನೆತ್ತಿಗೇರೀತು. ಹಂತವನ್ನು ಮೊದಲಿನಿಂದ ಆರಂಭಿಸುವಂತಿಲ್ಲ.

ಪರೀಕ್ಷೆಗೆ ಎಡೆಯಿಲ್ಲದಲ್ಲಿ ಪ್ರಮಾಣವೇನು? ಆಪ್ತವಾಕ್ಯವೇ. ಇಲ್ಲಿ ಕೆಲವರು, “ಓದುಬರಹವಿಲ್ಲದ ಕಾಡಿನವನ ಮಾತು ಪ್ರಮಾಣವಾದೀತೇ?” ಎಂದು ಆಕ್ಷೇಪಿಸಬಹುದು. ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಇದಕ್ಕೆ ಎಂದೋ ಸಮಾಧಾನ ಹೇಳಿರುವನು: ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಲಿಚ್ಛಿಸುವವನು ಆಪ್ತನು, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಇದರಿಂದ ಸೋಲಿಗರು ಹೇಳುವುದೆಲ್ಲವೂ ನಿರ್ವಿವಾದವೆಂದಾಗದು. ಲಂಟಾನಕ್ಕೆ ಬೇರೆ ಕಾರಣಗಳೂ ಇದ್ದಾವು. ಆದರೆ ತಲೆಮಾರುಗಳಿಂದ ಕಾಡನ್ನು ಕಂಡವರನ್ನು ಕೇಳದೆ ಕೈಯಿಟ್ಟುದು ಬುದ್ಧಿಯ ದೋಷವಷ್ಟೇ ಅಲ್ಲ, ಧರ್ಮದ ದೋಷವೂ ಹೌದು. ಸೋಲಿಗರಿಗೆ ಕಾಡಿನ ಮೇಲೆ ಸಮುದಾಯದ ಹಕ್ಕು ದೊರೆತುದು 2011ರಲ್ಲಿ. ನಡುವೆ ಮೂವತ್ತೇಳು ವರ್ಷಗಳು ಸಂದಿದ್ದವು.

ಆದುದರಿಂದ ಮಕ್ಕಳ ಕೈಯಿಂದ ಆಟವನ್ನು ಕಸಿಯಬೇಕಾಗಿಲ್ಲ. ಮುಟ್ಟುವ ಮುನ್ನ ಯೋಚಿಸುವುದನ್ನು ಅವರು ಅಲ್ಲಿ ಕಲಿಯಲಿ. ಮುಟ್ಟುವ ಮುನ್ನ ಕೇಳುವುದನ್ನು ಆಟವು ಕಲಿಸಲಾರದು. ಅದನ್ನು ಮನೆಯ ಹಿರಿಯರೇ ಕಲಿಸಬೇಕು.