ಮೋಹನವೂ ಬೀಸೋ ಪದವೂ

ಮನೇಲಿ ಕೀಬೋರ್ಡ್ ಇದ್ರೆ ಬರೀ ಕಪ್ಪು ಕೀಗಳನ್ನ ಒತ್ತಿ ನೋಡಿ. ಸಂಗೀತದ ಗಂಧವೇ ಇಲ್ಲದವರು ಯಾವ ಕ್ರಮದಲ್ಲಿ ಒತ್ತಿದ್ರೂ ಕರ್ಕಶ ಅನ್ಸಲ್ಲ. ಮೂರರ ಗುಂಪಿನ ಮೊದಲ ಕಪ್ಪು ಕೀಯನ್ನ ಸ ಅಂದ್ಕೊಂಡ್ರೆ ಅಲ್ಲಿರೋದು ಸ ರಿ ಗ ಪ ದ, ಐದೇ ಸ್ವರ. ನಮ್ಮಲ್ಲಿ ಮೋಹನ, ಹಿಂದೂಸ್ತಾನಿಯಲ್ಲಿ ಭೂಪಾಲಿ. ಚೀನಾದ ಹಳೇ ಸಂಗೀತದಲ್ಲೂ ಸ್ಕಾಟ್ಲೆಂಡಿನ ಜಾನಪದದಲ್ಲೂ ಇವೇ ಸಿಗುತ್ತವೆ. 2009ರಲ್ಲಿ ನ್ಯೂಯಾರ್ಕಿನ ವಿಜ್ಞಾನ ಉತ್ಸವವೊಂದರಲ್ಲಿ ಗಾಯಕ ಬಾಬಿ ಮೆಕ್‌ಫೆರಿನ್ ವೇದಿಕೆ ಮೇಲೆ ಕುಪ್ಪಳಿಸುತ್ತಾ ಸಭೆಗೆ ಎರಡು ಸ್ವರ ಹೇಳಿಕೊಟ್ಟ. ಮೂರನೇ ಜಾಗಕ್ಕೆ ಹಾರಿದಾಗ, ಹೇಳಿಕೊಡದ ಸ್ವರವನ್ನ ಸಭೆ ತಾನಾಗೇ ಹಾಡಿತು.

ಇಂಜಿನಿಯರ್ ತಲೆ ತಕ್ಷಣ "ಇದು ಹಾರ್ಡ್‌ವೇರ್ ಕಣ್ರೀ" ಅನ್ನುತ್ತೆ. ಲೆಕ್ಕವೂ ಇದೆ. ಸ ದಿಂದ 3:2ರ ಅನುಪಾತದಲ್ಲಿ ಏರಿದ್ರೆ ಪ, ಹಾಗೇ ಮುಂದುವರಿದ್ರೆ ರಿ, ಆಮೇಲೆ ದ, ಆಮೇಲೆ ಗ. ನಾಲ್ಕೇ ಹೆಜ್ಜೆಗೆ ಮೋಹನ ಸಿದ್ಧ. ಗ ಪಕ್ಕಕ್ಕೇ ಅಂಟಿಕೊಂಡಿರೋ ಮ, ಮೇಲಿನ ಸ ಪಕ್ಕದ ನಿ ಎರಡೂ ಹೊರಗೆ. ಜಗಳ ಆಡೋರನ್ನ ಮದುವೆಗೆ ಕರೀದೇ ಇದ್ದ ಹಾಗೆ.

ಆದ್ರೆ ಅಷ್ಟು ಸಲೀಸಲ್ಲ. ಜಾವಾದ ಗಮೆಲಾನ್‌ನಲ್ಲಿ ಸ್ಲೆಂಡ್ರೋ ಅಂತಿದೆ. ಅದೂ ಐದು ಸ್ವರದ್ದೇ, ಅಂತರಗಳು ಮಾತ್ರ ಹೆಚ್ಚುಕಮ್ಮಿ ಸಮ. ನಮ್ಮ ಲೆಕ್ಕ ಅಲ್ಲಿ ನೆಟ್ಟಗೆ ಕೂರಲ್ಲ. ಬೊಲಿವಿಯಾದ ಚಿಮಾನೆ ಜನಕ್ಕೆ, ನಾವು ಇಂಪು ಅನ್ನೋ ಸ್ವರಗಳ ಜೋಡಿ, ಕರ್ಕಶ ಅನ್ನೋ ಜೋಡಿ ಎರಡೂ ಒಂದೇ ಥರ ಹಿತ ಅಂತ 2016ರಲ್ಲಿ ನೇಚರ್ ಪತ್ರಿಕೆಯ ಅಧ್ಯಯನವೊಂದು ಹೇಳಿತು. "ಎಲ್ಲರಿಗೂ" ಅನ್ನೋ ಪದವನ್ನ ಸ್ವಲ್ಪ ಹುಷಾರಾಗಿ ಬಳಸಬೇಕು.

ನನ್ನನ್ನ ಕಾಡೋದು ಬೇರೆ ಪ್ರಶ್ನೆ. ಐದು ಸ್ವರ ಎಲ್ಲರದ್ದೂ ಅಂತಾನೇ ಇಟ್ಕೊಳ್ಳಿ, ಅವಕ್ಕೆ ಹೆಸರಿಡೋ ಹಕ್ಕು ಯಾರದ್ದು? ನಮ್ಮೂರು ಗೊರೂರು, ಹೇಮಾವತಿ ದಂಡೆ. ನಮ್ಮ ಜಿಲ್ಲೆಯಲ್ಲೇ, ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೇಲಿ ರುದ್ರಪಟ್ಟಣ ಇದೆ, ಸಂಗೀತಗಾರರ ಊರು. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ತಂಬೂರಿ ಆಕಾರದ ಮಂದಿರವೂ ಅಲ್ಲಿದೆ. ಸಂಗೀತ ಕಲಿಯೋ ಮಕ್ಕಳಿಗೆ "ವರವೀಣಾ" ಗೀತೆಯಲ್ಲಿ ಮೋಹನದ ಪರಿಚಯ ಆಗುತ್ತೆ. ನಮ್ಮಜ್ಜಿ ರಾಗಿ ಬೀಸ್ತಾ ಹಾಡ್ತಿದ್ದ ಪದಕ್ಕೂ ಅವೇ ಐದು ಸ್ವರ ಸಾಕಿತ್ತು. ಪಾಠಕ್ಕೆ ಹೋಗ್ತಿದ್ದ ಚಿಕ್ಕಪ್ಪನ ಮಗಳು ಒಂದಿನ ಖುಷಿಯಿಂದ "ಅಜ್ಜಿ, ನೀನು ಹಾಡೋದು ಮೋಹನ ರಾಗ ಕಣಜ್ಜಿ" ಅಂದಳು. "ಅದ್ಯಾವ ಮೋಹನವ್ವ? ಇದು ಬೀಸೋ ಪದ" ಅಂದು ಅಜ್ಜಿ ಕಲ್ಲು ತಿರುಗಿಸಿದಳು.

ಅಜ್ಜಿ ಹಾಡನ್ನ ಸ್ವರದಿಂದಲ್ಲ, ಕೆಲಸದಿಂದ ವಿಂಗಡಿಸ್ತಿದ್ದಳು: ಬೀಸೋದು, ಸೋಬಾನೆ, ತೊಟ್ಟಿಲದ್ದು. ಬೀಸೋ ಪದವನ್ನ ಹಸೆಮಣೆ ಮುಂದೆ ಹಾಡು ಅಂದ್ರೆ ಒಪ್ತಿರಲಿಲ್ಲ. ಸಂಜೆ ರಾಗವನ್ನ ಬೆಳಿಗ್ಗೆ ಹಾಡಲ್ಲ ಅನ್ನೋ ಉಸ್ತಾದರ ಥರಾನೇ. ಪಾಪ, ಗೊತ್ತಿಲ್ಲದೇ ಮೋಹನ ಹಾಡ್ತಿದ್ದಾಳೆ ಅಂತ ಹೊಗಳೋದು ಸುಲಭ. ಹೊಗಳಿಕೆ ಹೌದು, ಆದ್ರೆ ಅದರಲ್ಲೇ ಅವಳ ಹಾಡಿನ ಖಾತೆ ಬೇರೆಯವರ ಹೆಸರಿಗೆ ಬದಲಾಗಿಬಿಡುತ್ತೆ.

ಹಿಂದೂಸ್ತಾನಿಯಲ್ಲಿ ದೇಶಕಾರ್ ಅಂತ ಒಂದು ರಾಗ ಇದೆ. ಭೂಪಾಲಿಯ ಅದೇ ಐದು ಸ್ವರ. ಭೂಪಾಲಿ ಸಂಜೆ ಹೊತ್ತಿನದು, ಗ ಹತ್ತಿರ ನೆಲೆ ನಿಲ್ಲುತ್ತೆ. ದೇಶಕಾರ್ ಬೆಳಗಿನದು, ಅದರ ಜೀವ ದ ಮೇಲೆ. ದೇಶಕಾರ್ ಹಾಡೋರ ಮುಂದೆ "ಇದು ಭೂಪಾಲಿ ಅಲ್ವಾ ಸರ್" ಅಂದು ನೋಡಿ. ಸ್ವರ ಒಂದೇ ಆದ್ರೂ ರಾಗ ಬೇರೆ ಅಂತ ಅರ್ಧ ಗಂಟೆ ಬಿಡಿಸಿ ಹೇಳ್ತಾರೆ, ನಾವೂ ತಲೆ ಆಡಿಸಿ ಕೇಳ್ತೀವಿ. ಅಜ್ಜಿ ಅದನ್ನೇ ಒಂದು ಸಾಲಲ್ಲಿ ಹೇಳಿದ್ದಕ್ಕೆ ಮನೆಯವರೆಲ್ಲ ನಕ್ಕರು.